ಗೋಧಿ ತಿಗಣೆಯ ಜೊಲ್ಲು

ಶಾರಝೂರ್ ಬಯಲು
೧೪ ಅಕ್ಟೋಬರ್ ೨೦೧೩

ಪ್ರೀತಿಯ ಸೊಸೆ ಖುನಾವ್‌ಗೆ,

ನಿನಗೂ ನಿನ್ನ ಅಪ್ಪ ಅಮ್ಮನಿಗೂ ಸಲಾಮು. ನೀನು ತವರಿಗೆ ಹೋಗಿ ನಲವತ್ತು ದಿನವಾಯಿತು, ಅತ್ತೆಗೆ ಈಗ ಪುರುಸೊತ್ತಾಯಿತೇ ಎಂದು ನೀನು ಕೇಳಿದರೆ ತಪ್ಪಿಲ್ಲ. ಪುರುಸೊತ್ತಿತ್ತು, ಮುಖವಿರಲಿಲ್ಲ. ಫೋನು ಮಾಡಿದರೆ ನನ್ನ ದನಿ ಕೇಳಿದೊಡನೆ ಇಟ್ಟುಬಿಡುತ್ತೀಯ. ಕಾಗದವನ್ನಾದರೆ ಹರಿದುಹಾಕುವ ಮುಂಚೆ ನಾಲ್ಕು ಸಾಲಾದರೂ ಓದುತ್ತೀಯ.

ನಿನ್ನ ಕರಿ ಆಡು ಗಬ್ಬವಾಗಿದೆ. ದಾಳಿಂಬೆ ಈ ಸಲ ಚೆನ್ನಾಗಿ ಬಂದಿದೆ. ನಿನ್ನ ಗಂಡ ರೇಬವಾರ್ ಮೊದಲೇ ಮಾತಿನಮಲ್ಲನಲ್ಲ, ಈಗಂತೂ ಕುರಿಗಳೇ ವಾಸಿ.

ಕಳೆದ ವಾರ ಸುಲೇಮಾನಿಯಿಂದ ತವಾರ್ ಎಂಬ ಹುಡುಗಿ ಬಂದಿದ್ದಳು. ಹುಳುಗಳ ಬಗ್ಗೆ ಓದಿಕೊಂಡವಳು. ಚಳಿಗೆಂದು ಬೆಟ್ಟದ ಪೊದೆಗಳ ಬುಡದಲ್ಲಿ ಅಡಗಿದ ಗೋಧಿ ತಿಗಣೆಗಳನ್ನು ಕೆದಕಿ ಸೀಸೆಗೆ ತುಂಬುವುದು ಅವಳ ಕೆಲಸ. ಮೂರು ದಿನ ನಮ್ಮಲ್ಲೇ ಊಟ. ನಾನು ಬಿಡುತ್ತೇನೆಯೇ?

"ಇಷ್ಟು ಓದಿ ಈ ನಾತದ ಹುಳಾನೇ ಸಿಕ್ತೇನೇ ನಿಂಗೆ? ಯಾರು ಮದ್ವೆ ಆಗ್ತಾರೆ?" ಎಂದೆ.

"ಎಲ್ಲಾ ಒಂದೇ ಅಲ್ಲ ಚಿಕ್ಕಮ್ಮ," ಎಂದು ನಕ್ಕಳು. "ಕೆಂಪು ಅಂಗಿಗೆ ಕರಿ ಚುಕ್ಕಿ ಇರೋ ಗುಲಗಂಜಿ ಹುಳ ಪೈರಿನ ಹೇನು ತಿಂದು ಬೆಳೆ ಉಳಿಸುತ್ತೆ. ಅದೇ ಅಂಗಿ ತೊಟ್ಟ ಅದರ ದಾಯಾದಿ ನಿಮ್ಮ ಕರ್ಬೂಜದ ಎಲೆ ಕೆರೆದು ತಿನ್ನುತ್ತೆ. ತಿಗಣೇಲೂ ಹಾಗೇ. ಕೆಲವು ಕಂಬಳಿಹುಳಾನ ಹೀರ್ತವೆ, ನಿಮ್ಮ ಬಯಲಿಂದು ಗೋಧಿ ಹಾಲು ಹೀರುತ್ತೆ."

"ನಮ್ಮ ಜಮಖಾನ ತೂತು ಮಾಡಿದ್ದು?"

"ಅದೂ ಒಂದು ದುಂಬಿಯ ಮರೀನೇ. ಉಣ್ಣೇನೇ ಅದರ ಊಟ."

"ಅಂದ್ರೆ ಈ ಮನೇಲಿ ನನ್ನೊಬ್ಬಳನ್ನ ಬಿಟ್ಟು ಎಲ್ರೂ ಹೊಟ್ಟೆ ತುಂಬಾ ಉಣ್ತಿದಾರೆ!"

ಆಮೇಲೆ ಅವಳು ನಮ್ಮ ಚೀಲದ ಗೋಧಿಯನ್ನು ಅಂಗೈಯಲ್ಲಿ ಹರಡಿ ತೋರಿಸಿದಳು. ಕೆಲವು ಕಾಳುಗಳ ಮೇಲೆ ಬಿಳಿಚಿದ ಮಚ್ಚೆ, ನಡುವೆ ಸೂಜಿಮೊನೆಯಷ್ಟು ಕಪ್ಪು.

"ಹಸಿ ಕಾಳಿಗೆ ಚುಚ್ಚಿ, ಜೊಲ್ಲು ಬಿಟ್ಟು ಹೀರುತ್ತೆ. ಆ ಜೊಲ್ಲು ಕಾಳಲ್ಲೇ ಉಳ್ಕೊಳ್ಳುತ್ತೆ. ಹಿಟ್ಟು ನೋಡೋಕೆ ಚೆನ್ನಾಗೇ ಇರುತ್ತೆ, ನಾದಿಟ್ಟ ಮೇಲೆ ಅಂಟು ಸತ್ತೋಗುತ್ತೆ. ಬೆಟ್ಟದ ಬುಡದ ಹೊಲ ನಿಮ್ದು, ಮೊದಲು ಇಳಿಯೋದೇ ಇಲ್ಲಿಗೆ. ಈ ಹಿಟ್ಟನ್ನ ಯಾರು ತಟ್ಟಿದ್ರೂ ರೊಟ್ಟಿ ತಂದೂರಿಗೆ ಹಿಡಿಯಲ್ಲ ಚಿಕ್ಕಮ್ಮ."

ನಿನ್ನ ರೊಟ್ಟಿಗಳು ಒಂದರ ಹಿಂದೊಂದು ತಂದೂರಿನ ಗೋಡೆಯಿಂದ ಕಳಚಿ ಕೆಂಡಕ್ಕೆ ಬೀಳುತ್ತಿದ್ದಾಗ ನೀನೂ ಹೇಳಿದ್ದೆ, "ಅತ್ತೆ, ಹಿಟ್ಟಲ್ಲೇ ಏನೋ ಇದೆ" ಎಂದು. ನೆರೆಮನೆ ಹೆಂಗಸರೆಲ್ಲ ನಿಂತಿದ್ದರು. "ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ. ಬರಕತ್ತಿಲ್ಲದ ಕೈ ನಿಂದು," ಎಂದುಬಿಟ್ಟೆ. ಆ ಮಾತು ಊರೆಲ್ಲ ಸುತ್ತಿತು. ಹೊಸ ಸೊಸೆಯ ರೊಟ್ಟಿ ಬೆಂಕಿಗೆ ಬಿದ್ದರೆ ಮನೆಗೆ ಕೇಡು ಎಂದು ರೇಬವಾರನ ದೊಡ್ಡಪ್ಪ ಶುರುಹಚ್ಚಿಕೊಂಡ. ನನ್ನ ಮಗ ತಲೆ ತಗ್ಗಿಸಿ ಕೂತ. ಈಗ ಬರುವ ಶುಕ್ರವಾರ ತಲಾಖಿನ ಮಾತಿಗೆ ಹಿರಿಯರು ಕೂಡುತ್ತಾರಂತೆ.

ತವಾರ್ ಹೇಳಿದ್ದನ್ನು ಮನೆಮನೆಗೆ ಹೋಗಿ ಹೇಳಿದೆ. ದೊಡ್ಡಪ್ಪ, "ಸೊಸೆ ತಪ್ಪನ್ನ ಹುಳದ ತಲೆಗೆ ಕಟ್ತೀಯಾ?" ಎಂದು ನಕ್ಕ. ಹೆಂಗಸರು, "ಹಾಗಾದ್ರೆ ಅದೇ ಹಿಟ್ಟಲ್ಲಿ ನಿನ್ನ ರೊಟ್ಟಿ ಹೇಗೆ ನಿಂತಿತು ಪೀರೋಜ್?" ಎಂದರು. ನಾನು ಮನೆಗೆ ಬಂದು ಬರೆಯಲು ಕೂತೆ.

ಈ ಕಾಗದವನ್ನು ರೇಬವಾರ್ ಕೈಯಲ್ಲೇ ಕಳಿಸುತ್ತಿದ್ದೇನೆ. ಅವನನ್ನು ಬಾಗಿಲಲ್ಲಿ ನಿಲ್ಲಿಸಬೇಡ ಮಗಳೇ, ಒಳಗೆ ಕೂರಿಸು. ನೀನು ಎಲ್ಲಿದ್ದರೂ ಅಲ್ಲಾಹು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅತ್ತೆ,
ಪೀರೋಜ್

ತಾ.ಕ.: ನನ್ನ ರೊಟ್ಟಿಯೂ ನಿಂತಿರಲಿಲ್ಲ. ನೀನು ಹೋಗುವ ಮೂರು ದಿನ ಮುಂಚೆ, ನೀನು ಹೊಲದಲ್ಲಿದ್ದಾಗ, ಅದೇ ಹಿಟ್ಟನ್ನು ನಾನೂ ತಟ್ಟಿದೆ. ಇಪ್ಪತ್ತರಲ್ಲಿ ಹದಿನಾಲ್ಕು ಕೆಂಡದ ಪಾಲಾದವು. ಕರಕಲನ್ನು ಕೋಳಿಗಳಿಗೆ ಹಾಕಿ, ಪಕ್ಕದೂರಿನ ತಂಗಿಯ ಮನೆಯಿಂದ ರೊಟ್ಟಿ ತಂದು ನನ್ನದೆಂದು ಬಡಿಸಿದೆ. ನಿನಗೇ ಮೊದಲು ಬಡಿಸಿದೆ. ತಪ್ಪು ನಿನ್ನ ಕೈಯದಲ್ಲ ಎಂದು ನನಗೆ ಅಂದೇ ಗೊತ್ತಿತ್ತು. ಪೀರೋಜಳ ಕೈಯ ರೊಟ್ಟಿ ಎಂದು ನಲವತ್ತು ವರ್ಷ ಊರು ಹೊಗಳಿದ್ದನ್ನು ಬಿಟ್ಟುಕೊಡಲಾಗದೆ ನಿನ್ನನ್ನು ಬಿಟ್ಟುಕೊಟ್ಟೆ. ಮಗನ ಮುಖ ನೋಡಿ ಇದನ್ನು ಹೇಳಲು ನನ್ನಿಂದಾಗಲಿಲ್ಲ. ಇಷ್ಟನ್ನು ಅವನಿಗೂ ನಿನ್ನಪ್ಪನಿಗೂ ಕೇಳುವಂತೆ ಗಟ್ಟಿಯಾಗಿ ಓದು. ಶುಕ್ರವಾರ ಹಿರಿಯರ ಮುಂದೆಯೂ ಅವನು ಇದನ್ನೇ ಓದಲಿ. ನೀನು ಬರುವುದು ಬಿಡುವುದು ಆಮೇಲಿನ ಮಾತು.