ಮಾಸ್ತರರ ಕಿಲೋ

ತಿಕೋಟಾ,
ತಾ. ೨೨ ಜನವರಿ ೧೯೬೨

ಚಿರಂಜೀವಿ ಸಿದ್ದರಾಯನಿಗೆ ನಿನ್ನ ಅವ್ವನ ಆಶೀರ್ವಾದಗಳು.

ಮೊದಲು ನಿನ್ನ ಮೈಯ ಸುದ್ದಿ ಹೇಳು. ಧಾರವಾಡದ ಥಂಡಿಗೆ ಹತ್ತಿಕೊಂಡ ಕೆಮ್ಮು ಹೋಯಿತೋ, ಇಲ್ಲ ಅದೂ ನಿನ್ನ ಜೊತೆಗೇ ಮಾಸ್ತರಿಕೆಯ ತರಬೇತಿ ಪಡೆಯುತ್ತಿದೆಯೋ? ಖಾನಾವಳಿಯ ರೊಟ್ಟಿ ಕಾಗದದಂತಿರುತ್ತದೆ ಎಂದು ಬರೆದಿದ್ದೆ. ಕಾಗದ ತಿಂದು ವಿದ್ಯೆ ಬರುವುದಾಗಿದ್ದರೆ ನಮ್ಮ ಊರಿನ ಆಡುಗಳೆಲ್ಲ ಇಷ್ಟೊತ್ತಿಗೆ ಮಾಮಲೇದಾರರಾಗುತ್ತಿದ್ದವು. ರಾತ್ರಿ ಒಂದು ಲೋಟ ಹಾಲು ಕುಡಿ. ಸಂಕ್ರಮಣದ ಕುಸುರೆಳ್ಳು ನಾಲ್ಕು ಕಾಳು ಲಕೋಟೆಯಲ್ಲಿ ಹಾಕಿದ್ದೇನೆ. ಟಪಾಲಿನವರ ಕೈಯಲ್ಲಿ ಪುಡಿಯಾಗಿದ್ದರೆ ಪುಡಿಯನ್ನೇ ತಿಂದು ಒಳ್ಳೆಯ ಮಾತಾಡು. ನಾನು ಆರಾಮ ಇದ್ದೇನೆ. ನಿನ್ನ ಅಪ್ಪ ಆರಾಮ ಇದ್ದಾರೋ ಇಲ್ಲವೋ ಎಂಬುದನ್ನು ಹೇಳಲಿಕ್ಕೇ ಈ ಪತ್ರ.

ಹೋದ ಸಲ ನೀನು ಕೇಳಿದ್ದೆಯಲ್ಲ, ಅದೇ ಶಾಲೆ, ಅದೇ ಕರಿಹಲಗೆ, ಅದೇ ಅ ಆ ಇ ಈ, ಅಪ್ಪ ಮೂವತ್ತು ವರ್ಷ ಬೇಸರವಿಲ್ಲದೆ ಹೇಗೆ ಕಲಿಸಿದರು, ನನಗೆ ತರಬೇತಿಯಲ್ಲೇ ಆಕಳಿಕೆ ಬರುತ್ತದೆ ಎಂದು. ಆ ಸಾಲನ್ನು ಅವರಿಗೇ ಓದಿ ಹೇಳಿ ಉತ್ತರ ಬರೆಸೋಣ ಎಂದುಕೊಂಡಿದ್ದೆ. ಅಷ್ಟರಲ್ಲಿ ಅವರು ರಾಜೀನಾಮೆ ಕೊಡಲು ವಿಜಾಪುರದ ಮೋಟಾರು ಹತ್ತಿದರು. ಗಾಬರಿಯಾಗಬೇಡ. ಮೊದಲಿನಿಂದ ಹೇಳುತ್ತೇನೆ, ಕುಳಿತು ಓದು.

ಸರಕಾರದವರು ಸೇರು ತೊಲೆಗಳನ್ನು ಗಡೀಪಾರು ಮಾಡಿ ಕಿಲೋ ಎಂಬ ಹೊಸ ಅಳಿಯನನ್ನು ತಂದದ್ದು ನಿನಗೆ ಗೊತ್ತೇ ಇದೆ. ಮಕ್ಕಳಿಗೆ ಅದನ್ನು ಕಲಿಸಿರಿ ಎಂದು ದೀಪಾವಳಿಯ ಆಸುಪಾಸಿಗೆ ಶಾಲೆಗೆ ಸುತ್ತೋಲೆ ಬಂತು. ಸುತ್ತೋಲೆ ಬಂತು, ತೂಕದ ಕಲ್ಲು ಬರಲಿಲ್ಲ. ಲಗ್ನಪತ್ರಿಕೆ ಬಂದು ಮದುಮಗ ಬಾರದ ಹಾಗೆ. ಬೇರೆ ಮಾಸ್ತರರಾಗಿದ್ದರೆ ಸುತ್ತೋಲೆಯನ್ನೇ ಬಾಯಿಪಾಠ ಮಾಡಿಸಿ ಮನೆಗೆ ಹೋಗಿ ಮಲಗುತ್ತಿದ್ದರು. ನಿನ್ನ ಅಪ್ಪನಿಗೆ ಅದು ಹೇಗೆ ಸರಿಬಂದೀತು? "ಬಾಯಿಗೆ ಬಂದದ್ದು ಬಾಯಾಗ ಹೋಗತದ, ಅಂಗೈಗೆ ಬಂದದ್ದು ಸುಡಗಾಡತನಕ ಬರತದ" ಎಂಬುದು ಅವರ ಶಿಕ್ಷಣಶಾಸ್ತ್ರ. ನಿಮ್ಮ ಧಾರವಾಡದ ಪುಸ್ತಕಗಳಲ್ಲಿ ಇದು ಇದೆಯೋ ಇಲ್ಲವೋ, ನೋಡಿ ಹೇಳು. ಕಿಲೋ ಎಂದರೆ ಒಂದು ಸೇರಿನ ಮೇಲೆ ಒಂದಿಷ್ಟು ಎಂದು ಸುತ್ತೋಲೆಯಲ್ಲಿತ್ತು. ಇವರು ನೆಟ್ಟಗೆ ನನ್ನ ಅಡುಗೆಮನೆಗೆ ಬಂದು, ನಾನು ಕಾಯಿಪಲ್ಲೆ ತೂಗುವ ಸೇರಿನ ಕಲ್ಲನ್ನು ಎತ್ತಿಕೊಂಡು, ಅಷ್ಟು ಮರಳು ತೂಗಿ, ಮೇಲೆ ಒಂದಿಷ್ಟು ಸುರಿದು, ಹಳೆಯ ಧೋತರದ ತುಂಡಿನಲ್ಲಿ ಚೀಲ ಹೊಲಿದುಕೊಡು ಎಂದರು. ಹೊಲಿದುಕೊಟ್ಟೆ. ಹೊಲಿಗೆ ಬಿಗಿಯಾಗಿತ್ತು. ಅದರ ಬಗ್ಗೆ ಇಂದಿಗೂ ಯಾರದೂ ತಕರಾರಿಲ್ಲ.

ಆ ಚೀಲವನ್ನು ದಿನಾಲೂ ಒಂದೊಂದು ಮಗುವೂ ಅಂಗೈಯಲ್ಲಿ ಹಿಡಿದು ಕಣ್ಣು ಮುಚ್ಚಬೇಕು. ಇನ್ನೊಂದು ಕೈಯಲ್ಲಿ ಬದನೆಕಾಯಿಯನ್ನೋ ಉಳ್ಳಾಗಡ್ಡಿಯನ್ನೋ ಇಟ್ಟರೆ "ಕಿಲೋಕ್ಕ ಕಡಿಮಿ ಐತ್ರಿ", "ಕಿಲೋ ತುಂಬೇತ್ರಿ" ಎಂದು ಹೇಳಬೇಕು. ಮಕ್ಕಳು ಮನೆಗೆ ಹೋಗಿ ಇದನ್ನೇ ಅವ್ವಂದಿರಿಗೂ ಅಜ್ಜಿಯರಿಗೂ ಕಲಿಸಿದವು. ಸಂಕ್ರಮಣ ಬರುವಷ್ಟರಲ್ಲಿ ನಮ್ಮ ಓಣಿಯಲ್ಲಿ ಕೋಳಿ ಎತ್ತಿದರೆ ಕೋಳಿಯ ಕಿಲೋ, ಕೂಸು ಎತ್ತಿದರೆ ಕೂಸಿನ ಕಿಲೋ ಹೇಳುವ ಹೆಂಗಸರು ತಯಾರಾಗಿದ್ದರು. ನಿನ್ನ ಅಪ್ಪ ಮೀಸೆ ತಿರುವುತ್ತ ಓಣಿಯಲ್ಲಿ ಅಡ್ಡಾಡುತ್ತಿದ್ದ ಗತ್ತು ನೀನು ನೋಡಬೇಕಿತ್ತು. ಕಿಲೋವನ್ನು ಸ್ವತಃ ಹಡೆದವರ ಹಾಗೆ.

ಹೋದ ವಾರ ತುದಿಮನೆಯ ದುಂಡವ್ವ ಒಣಮೆಣಸಿನಕಾಯಿ ಮಾರಲು ಬಬಲೇಶ್ವರದ ಸಂತೆಗೆ ಹೋದಳು. ಅವಳ ಬೆನ್ನಿಗೆ ಓಣಿಯ ಹೆಂಗಸರ ದಂಡು, ಎಲ್ಲರ ತಲೆಯ ಮೇಲೂ ಮೆಣಸಿನಕಾಯಿಯ ಗಂಟು. ಅಲ್ಲಿ ಕಾಯಿ ಕೊಳ್ಳುವ ವ್ಯಾಪಾರಿ ಅಬ್ದುಲಗನಿ ಸಾಹೇಬರು ಸರಕಾರದ ಮುದ್ರೆಯಿದ್ದ ಹೊಸ ಕಬ್ಬಿಣದ ಕಿಲೋ ತೆಗೆದು ತಕ್ಕಡಿಯಲ್ಲಿಟ್ಟರು. ದುಂಡವ್ವ ಕಾಯಿ ಸುರಿದಳು, ಮತ್ತೆ ಸುರಿದಳು, ಕಬ್ಬಿಣದ ತಟ್ಟೆ ಏಳಲೊಲ್ಲದು. ಅವಳಿಗೆ ಸಂಶಯ ಬಂತು. ಕಬ್ಬಿಣವನ್ನು ಅಂಗೈಯಲ್ಲಿ ತೆಗೆದುಕೊಂಡು, ಸಂತೆಯ ನಡುವೆ ಕಣ್ಣು ಮುಚ್ಚಿ ನಿಂತಳು. ಆಮೇಲೆ ಕಣ್ಣು ತೆರೆದು, "ಇದು ಕಿಲೋ ಅಲ್ಲೋ ಯಪ್ಪಾ, ಮೂರು ಕಿಲೋ ಐತಿ. ಒಂದರ ರೊಕ್ಕಾ ಕೊಟ್ಟು ಮೂರು ನುಂಗಾಕ ಕುಂತೀಯೇನು?" ಎಂದಳಂತೆ. ಗನಿ ಸಾಹೇಬರು ಹೌಹಾರಿ, "ಸರಕಾರದ ಮುದ್ರಿ ನೋಡ ಬೇ!" ಎಂದರು. "ಮುದ್ರಿ ನೋಡಾಕ ನನಗ ಕಣ್ಣ ಮಂದ ಅದಾವ. ಕೈ ಮಂದ ಇಲ್ಲ" ಎಂದಳು ದುಂಡವ್ವ. ಜೊತೆಗೆ ಬಂದಿದ್ದ ಚಾಂದಬಿಯೂ ಹಿಡಿದು ನೋಡಿ, "ಮೂರರ ಮ್ಯಾಲೇ ಐತಿ" ಎಂದಳು. ಹೀಗೆ ಒಬ್ಬೊಬ್ಬಳಾಗಿ ಕೋರ್ಟಿನಲ್ಲಿ ಸಾಕ್ಷಿ ನುಡಿದಂತೆ ಕಣ್ಣು ಮುಚ್ಚಿ ಮೂರು, ಮೂರು ಎಂದದ್ದೇ ಎಂದದ್ದು. ಗನಿ ಸಾಹೇಬರು ಅಂಗಡಿ ಮುಚ್ಚುವ ಹಾಗಾಯಿತು. ಕೊನೆಗೆ, "ನಮ್ಮ ಮಾಸ್ತರನ್ನ ಕರಸ್ರಿ, ಅಂವ ಸುಳ್ಳ ಹೇಳಾಂವಲ್ಲ" ಎಂದು ತೀರ್ಪಾಯಿತು. ಕರೆಯಲು ಸಂತೆಯಿಂದ ಒಂದು ಜೀಪು ಓಡಿ ಬಂತು. ನಿನ್ನ ಅಪ್ಪ ಮರಳಿನ ಚೀಲ ಹಿಡಿದುಕೊಂಡು ನ್ಯಾಯಾಧೀಶರಂತೆ ಹತ್ತಿ ಹೋದರು.

ಅಲ್ಲಿ ಹೋಗಿ ಒಂದು ಕೈಯಲ್ಲಿ ಚೀಲ, ಒಂದು ಕೈಯಲ್ಲಿ ಕಬ್ಬಿಣ ಹಿಡಿದು ಇವರೂ ಕಣ್ಣು ಮುಚ್ಚಿದರು. ಮುಚ್ಚಿದವರು ಬಹಳ ಹೊತ್ತು ತೆರೆಯಲೇ ಇಲ್ಲವಂತೆ. ಸಿದ್ದೂ, ಸೇರು ಎಂದರೆ ನಮ್ಮಲ್ಲಿ ಎರಡು. ಕಾಯಿಪಲ್ಲೆಗೆ ಕಚ್ಚಾ ಸೇರು, ಸರಕಾರದ ಲೆಕ್ಕಕ್ಕೆ ಪಕ್ಕಾ ಸೇರು. ಕಚ್ಚಾ ಮೂರು ಕೂಡಿದರೆ ಹೆಚ್ಚುಕಡಿಮೆ ಪಕ್ಕಾ ಒಂದು. ಸುತ್ತೋಲೆ ಬರೆದವನು ಪಕ್ಕಾ ಎಂದುಕೊಂಡು ಬರೆದ, ನಿನ್ನ ಅಪ್ಪ ನನ್ನ ಅಡುಗೆಮನೆಯ ಕಚ್ಚಾದಿಂದ ಕಿಲೋ ಮಾಡಿದರು. ಮೂವತ್ತು ವರ್ಷದಿಂದ ಮೂರನೆಯ ಇಯತ್ತೆಯ ಮಕ್ಕಳಿಗೆ ಕಚ್ಚಾ ಪಕ್ಕಾಗಳ ಭೇದ ಕಲಿಸಿದ ಮಹಾನುಭಾವರು! ಆದರೂ ದೊಡ್ಡವರು. ತುಂಬಿದ ಸಂತೆಯಲ್ಲಿ, "ಗನಿ ಸಾಹೇಬರದು ಖರೇ. ನಾ ಕಲಿಸಿದ್ದು ಸುಳ್ಳು, ತಪ್ಪು ನಂದು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಅದಕ್ಕೆ ದುಂಡವ್ವ ಏನಂದಳು ಗೊತ್ತೇ? "ಪಾಪ, ಮಾಸ್ತರಗ ಹೆದರಿಕಿ ಹಾಕ್ಯಾರ. ನಡೀರಿ ಬೇ ಮನೀಗೆ." ಎಲ್ಲರೂ ಮೆಣಸಿನಕಾಯಿಯ ಗಂಟು ಕಟ್ಟಿಕೊಂಡು ಒಂದು ಕಾಯಿಯನ್ನೂ ಮಾರದೆ ತಿರುಗಿ ಬಂದರು.

ಅಂದು ನಿನ್ನ ಅಪ್ಪ ಊಟ ಮಾಡಲಿಲ್ಲ. ರಾಜೀನಾಮೆ ಬರೆದು ಜೇಬಿನಲ್ಲಿಟ್ಟುಕೊಂಡು, "ಸುಳ್ಳ ಕಲಿಸಿದ ಕೈಯಾಗ ಇನ್ನ ಖಡು ಹಿಡಿದು ಹಲಗಿ ಮ್ಯಾಲ ಬರಿಯಾಂಗಿಲ್ಲ" ಎಂದರು. ಪಿಂಚಣಿಗೆ ಎರಡೇ ವರ್ಷ ಉಳಿದಿದೆ, ಈಗ ಬಿಟ್ಟರೆ ಅದೂ ಇಲ್ಲ ಎಂದು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮರುದಿನ ಮೊದಲ ಮೋಟಾರಿಗೆ ಹೊರಟೇ ಬಿಟ್ಟರು. ನಾನು ಬಾಗಿಲಲ್ಲಿ ನಿಂತು ದೇವರನ್ನು ಬೈದೆ, ಸರಕಾರವನ್ನು ಬೈದೆ, ನನ್ನ ಸೇರಿನ ಕಲ್ಲನ್ನಂತೂ ಬಾವಿಗೆ ಎಸೆಯಬೇಕೆಂದೆ. ಆಮೇಲೆ ಪಲ್ಲೆಗೆ ಬೇಕಾಗುತ್ತದೆಂದು ಸುಮ್ಮನಾದೆ.

ಮುಂದಿನದು ಅವರೇ ಹೇಳಿದ್ದು. ತಿಕೋಟಾದಲ್ಲಿ ಯಾರದೋ ಮಾಲು ನೋಡಲು ಬಂದಿದ್ದ ಗನಿ ಸಾಹೇಬರು ಅದೇ ಮೋಟಾರಿನಲ್ಲಿ ವಿಜಾಪುರಕ್ಕೆ ಹೊರಟವರು, ಇವರ ಪಕ್ಕದಲ್ಲೇ ಬಂದು ಕುಳಿತರಂತೆ. ಬೈಗಳು ಬರುತ್ತವೆಂದು ಇವರು ತಲೆ ತಗ್ಗಿಸಿದರು. ರಾಜೀನಾಮೆಯ ಸುದ್ದಿ ಕೇಳಿದ ಮೇಲೆ ಬೈಗಳೇನೋ ಬಂದವು, ಆದರೆ ಬೇರೆ ತರಹದವು. "ಅಲ್ರಿ ಮಾಸ್ತರ, ನಾ ಹೇಳಿದ್ರ ನಂಬಲಿಲ್ಲ, ಸರಕಾರದ ಮುದ್ರಿ ನಂಬಲಿಲ್ಲ, ಕಡೀಕ ನೀವ ಬಂದು ಸುಳ್ಳ ಅಂತ ಹೇಳಿದ್ರೂ ನಂಬಲಿಲ್ಲ. ನೀವು ಕಲಿಸಿದ್ದು ಅವರ ಕೈಯಾಗ ಕುಂತು ಬಿಟ್ಟೈತಿ. ಈಗ ನೀವು ಮನ್ಯಾಗ ಕುಂತ್ರ ಅದನ್ನ ತೆಗಿಯಾವ್ರು ಯಾರು? ನಾನಾ? ನನ್ನ ಕಂಡ್ರ ಆ ದುಂಡವ್ವ ಕಲ್ಲ ಹುಡುಕಾಕತ್ತಾಳ!"

ಸಿದ್ದೂ, ನಿನಗೆ ಗೊತ್ತಿರದ ಒಂದು ಮಾತು ಹೇಳುತ್ತೇನೆ. ನಿನ್ನ ಅಪ್ಪ ಮದುವೆಯಾದ ಹೊಸದರಿಂದಲೂ ಊಟಕ್ಕೆ ಕೂತಾಗ ಒಮ್ಮೊಮ್ಮೆ ತುತ್ತು ನಿಲ್ಲಿಸಿ, "ಏನರ ಉಳೀತದೋ ಇಲ್ಲೋ ಆ ಹುಡುಗೂರ ಹತ್ರ?" ಎಂದು ಕೇಳುತ್ತಿದ್ದರು. ನಾನು, "ಉಳೀತದ, ರೊಟ್ಟಿ ಆರತದ, ಉಣ್ರಿ" ಎನ್ನುತ್ತಿದ್ದೆ. ಅಂದು ಮೋಟಾರಿನಲ್ಲಿ, ಗೋಳಗುಮ್ಮಟ ಕಾಣುವ ಹೊತ್ತಿಗೆ, ಒಮ್ಮೆಲೇ ತೊಡೆ ತಟ್ಟಿ, "ಗನಿ ಸಾಹೇಬರ, ತಪ್ಪು ಕಲಿಸಿದ್ದ ಇಷ್ಟ ಗಟ್ಟಿ ಕುಂತದಂದ್ರ ಖರೇ ಕಲಿಸಿದ್ದು ಎಷ್ಟ ಗಟ್ಟಿ ಕುಂತಿರಬೇಕ್ರಿ!" ಎಂದು ನಕ್ಕದ್ದಕ್ಕೆ ಕಂಡಕ್ಟರನು ಗಾಬರಿಯಾಗಿ ಸೀಟಿ ಊದಿದನಂತೆ.

ಸಂಜೆಯ ಮೋಟಾರಿಗೆ ಒಂದು ಗೋಣಿಚೀಲ ಹೊತ್ತುಕೊಂಡು ಇಳಿದರು. ಜೋಳವೆಂದುಕೊಂಡು ಎತ್ತಲು ಹೋದರೆ ನನ್ನ ಸೊಂಟವೇ ಹಿಡಿಯಿತು. ಎಲ್ಲ ಕಬ್ಬಿಣದ ಕಿಲೋಗಳು, ಗನಿ ಸಾಹೇಬರು ಪೇಟೆಯಲ್ಲಿ ನಿಂತು ಆರಿಸಿಕೊಟ್ಟವು. "ರಾಜೀನಾಮಾ ಕೊಟ್ಟ ಬಂದ್ರೇನ್ರಿ?" ಎಂದರೆ, "ವ್ಯಾಳ್ಯಾ ಎಲ್ಲಿ ಸಿಕ್ಕಿತ್ತು?" ಎಂದು ನನ್ನನ್ನೇ ಗದರಿಸಿದರು.

ಮರುದಿನ ತರಗತಿಯಲ್ಲಿ ಮಕ್ಕಳ ಮುಂದೆ ನಿಂತು, ಮಾಸ್ತರ ತಪ್ಪು ಕಲಿಸಿದ್ದಾನೆ ಎಂದು ಒಪ್ಪಿಕೊಂಡರು. ಮಕ್ಕಳಿಗೆ ಇದಕ್ಕಿಂತ ದೊಡ್ಡ ಹಬ್ಬ ಇನ್ನೊಂದುಂಟೆ? ಇಮಾಮಬಿಯ ಮಗಳು ಶಹಜಾದಿ ಎದ್ದು ನಿಂತು, "ಹಂಗಾರ ಇವತ್ತ ಛಡಿ ಏಟು ಯಾರಿಗ್ರಿ?" ಎಂದಳು. ನಿನ್ನ ಅಪ್ಪ ಗಂಭೀರವಾಗಿ ಕೈ ಚಾಚಿದರು. ಆ ಹುಡುಗಿ ಛಡಿ ಮುಟ್ಟಲಿಲ್ಲ, ಕಬ್ಬಿಣದ ಕಿಲೋ ಎರಡು ಕೈಯಿಂದ ಎತ್ತಿ ಅವರ ಅಂಗೈಯ ಮೇಲಿಟ್ಟು, "ಕಣ್ಣ ಮುಚ್ರಿ. ದಿನಾಲೂ ಹಿಡೀಬೇಕ್ರಿ, ಅಂದ್ರ ಬರತದ" ಎಂದಳಂತೆ. ಇದನ್ನು ಅವರು ನನಗೆ ಈಗಾಗಲೇ ಮೂರು ಸಲ ಹೇಳಿದ್ದಾರೆ, ಪ್ರತಿ ಸಲವೂ ಹೊಸ ಸುದ್ದಿಯೆಂಬಂತೆ. ಈಗ ಬೆಳಗಿನ ಚಹಾ ನಿಂತುಕೊಂಡೇ ಕುಡಿದು, ಮಕ್ಕಳಿಗಿಂತ ಮುಂಚೆ ಶಾಲೆಗೆ ಓಡುತ್ತಾರೆ. ಪಿಂಚಣಿಯ ಮಾತೆತ್ತಿದರೆ, ಐವತ್ತೈದು ದಾಟಿದ ಮೇಲೂ ಇಟ್ಟುಕೊಳ್ಳುತ್ತಾರೇನೋ ಶಿಕ್ಷಣ ಖಾತೆಯ ಸಾಹೇಬರನ್ನು ಕೇಳಬೇಕು ಎನ್ನುತ್ತಾರೆ.

ವೇಳೆಗೆ ಸರಿಯಾಗಿ ಉಣ್ಣು, ಚಳಿಯಲ್ಲಿ ತಲೆಗೆ ರುಮಾಲು ಕಟ್ಟು. ನಿನ್ನ ಗುರುಗಳಿಗೆ ನನ್ನ ನಮಸ್ಕಾರ ಹೇಳು. ದೇವರು ನಿನಗೆ ಆಯುಷ್ಯವನ್ನೂ ಗಟ್ಟಿ ಗಂಟಲನ್ನೂ ಕೊಡಲಿ.

ಇಂತಿ ನಿನ್ನ ಅವ್ವ,
ಭೀಮಾಬಾಯಿ

ತಾ. ಕ.: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಮುಖ್ಯ ಮಾತೇ ಉಳಿದುಬಿಟ್ಟಿತು. ಮಕ್ಕಳ ಕೈ ತಿದ್ದಿತು, ಹೆಂಗಸರದು ಇನ್ನೂ ಇಲ್ಲ. ಮೆಣಸಿನಕಾಯಿ ಹಾಗೇ ಅವರವರ ಮನೆಯಲ್ಲಿ ಬಿದ್ದಿದೆ. ಓಣಿಯ ಸೊಸೆಯಂದಿರು ಮಾಸ್ತರರ ಮುಂದೆ ಬಂದು ಕೈ ಚಾಚುವುದು ನಮ್ಮಲ್ಲಿ ಆಗುವ ಮಾತಲ್ಲ. ದುಂಡವ್ವ ನಿನ್ನೆ ಬಂದು, "ನೀ ಕಲಿಸಿದ್ರ ಎಲ್ಲಾರೂ ಬರ್ತೀವಿ ನೋಡ ಭೀಮಾಬಾಯಿ" ಎಂದು ಹೇಳಿ ಹೋಗಿದ್ದಾಳೆ. ಬರುವ ಸೋಮವಾರ ನಮ್ಮ ಪಡಸಾಲೆಯಲ್ಲಿ ವರ್ಗ, ಕಲಿಸುವವಳು ನಾನು! ಅಕ್ಷರವನ್ನೇ ಮದುವೆಯಾದ ಮೇಲೆ ಕಲಿತವಳು. ಸೋಮವಾರ ಬರಲೇಬಾರದು ಎಂದೂ ಅನಿಸುತ್ತಿದೆ, ಯಾವಾಗ ಬಂದೀತೋ ಎಂದೂ ಅನಿಸುತ್ತಿದೆ. ಮೊದಲನೆಯ ದಿನ ಎದುರಿಗೆ ನಿಂತು ಮೊದಲನೆಯ ಮಾತು ಏನು ಆಡಬೇಕು? ನಿನ್ನ ಪುಸ್ತಕ ನೋಡಿ ಮರುಟಪಾಲಿಗೇ ಬರೆ. ನಿನ್ನ ಅಪ್ಪನನ್ನು ಕೇಳಿದರೆ, "ಮೂವತ್ತು ವರ್ಷದಿಂದ ನಾನೂ ಅದನ್ನ ಹುಡುಕಾಕತ್ತೇನಿ" ಎಂದು ನಗುತ್ತಾರೆ. ನನಗೆ ಅಷ್ಟು ಪುರುಸೊತ್ತಿಲ್ಲ.