ಕುಳ್ಳ ಹೊಂಗೆಯ ಪರವಾಗಿ

ಬಾವಿಬೆಳಕಿನ ಇನ್ನೂರ ಹದಿನಾಲ್ಕನೇ ವರ್ಷ, ಹದಿಮೂರನೇ ತಿಂಗಳು, ಮೂವತ್ತೈದನೇ ದಿನ

ತಿಮ್ಮರಾಯಣ್ಣ, ನಮಸ್ಕಾರ.

ತಾರೀಖು ನೋಡಿ ನಗಬೇಡಿ, ನಮ್ಮಲ್ಲಿ ನಿಜವಾಗಲೂ ಇಂಥ ದಿನವಿದೆ. ನನ್ನ ಮಾತು ವಿಚಿತ್ರ ಅನಿಸಿದರೆ ಕ್ಷಮಿಸಿ. ನಾನು ಓದು ಕಲಿತದ್ದೇ ನಿಮ್ಮ ‘ಹೊಂಗೆ ಗೆಳೆಯರು’ ಗ್ರೂಪಿನ ಹಳೇ ಮೆಸೇಜುಗಳಿಂದ. ನೀವು ಹಾಕಿದ ಫೋಟೋಗಳು, ಅವುಗಳ ಕೆಳಗೆ ನಡೆದ ಜಗಳಗಳು, ದಿನಾ ಬರುವ ಶುಭೋದಯ, ಎಲ್ಲ ನನಗೆ ಬಾಯಿಪಾಠ. ನನಗಿಂತ ದೊಡ್ಡ ಅಭಿಮಾನಿ ನಿಮಗೆ ಇಲ್ಲ. ಇದ್ದರೂ ನಾನು ಒಪ್ಪುವುದಿಲ್ಲ.

ನಾನು ಸೊಣ್ಣಮ್ಮ, ವಯಸ್ಸು ಹದಿನೈದು. ನಾವಿರುವುದು ನಿಮ್ಮಿಂದ ಇನ್ನೂರು ವರ್ಷ ಮುಂದೆ, ಕೋಲಾರದ ಕಡೆಯ ಹಳೇ ಚಿನ್ನದ ಗಣಿಯೊಳಗೆ. ಮೇಲೆ ನೆಲ ಕಾದ ಹಂಚಿನಂತಾದಾಗ ನಮ್ಮ ಹಿರಿಯರು ಇಲ್ಲಿಗಿಳಿದು ಬಾಗಿಲು ಹಾಕಿಕೊಂಡರಂತೆ. ತಾರೀಖಿನಲ್ಲಿ ಬರೆದ ಬೆಳಕಿನ ಬಾವಿ ಅಂದರೆ ಮೇಲಿಂದ ನೇರ ಇಳಿದಿರುವ, ಗಾಜು ಮುಚ್ಚಿದ ಕಿಂಡಿ. ಮಧ್ಯಾಹ್ನ ಅದರ ತಳದಲ್ಲಿ ಒಂದು ಚಾಪೆಯಷ್ಟು ಬಿಸಿಲು ಬೀಳುತ್ತದೆ. ಬಾಣಂತಿಯರು, ಹಸುಗೂಸುಗಳು ಸರದಿಯಲ್ಲಿ ಅದರಲ್ಲಿ ಮಲಗುತ್ತಾರೆ. ಉಳಿದ ಬಿಸಿಲೆಲ್ಲ ಹೊಂಗೆ ಸಸಿಗಳದ್ದು. ಇಲ್ಲಿ ಯಾವ ಗುಟ್ಟೂ ನಿಲ್ಲುವುದಿಲ್ಲ, ಒಬ್ಬರು ಅಂದದ್ದನ್ನು ಸುರಂಗ ಎಲ್ಲರಿಗೂ ತಿರುಗಿ ಹೇಳುತ್ತದೆ. ಹಾಗಾಗಿ ಗಂಡ ಹೆಂಡತಿ ಜಗಳವಾಡುವಾಗ ಬರೀ ಕೈ ಆಡಿಸುತ್ತಾರೆ.

ಹಿಮಡಬ್ಬಿ ಅನ್ನುವ ತಣ್ಣನೆಯ ಪೆಟ್ಟಿಗೆಯಲ್ಲಿ ನೀವು ಕಟ್ಟಿಟ್ಟ ಹೊಂಗೆ ಬೀಜದ ಪೊಟ್ಟಣ ಎರಡಿದ್ದವು. ಒಂದರ ಮೇಲೆ ‘ಕುಂದಾಪುರದ ಹೊಳೆದಂಡೆ’ ಅಂತ, ಇನ್ನೊಂದರ ಮೇಲೆ ‘ಪಾವಗಡದ ಗುಡ್ಡ’ ಅಂತ ಬರೆದಿದ್ದೀರಿ. ಅಷ್ಟೇ. ಎರಡನ್ನೂ ಅಕ್ಕಪಕ್ಕ ಬಿತ್ತಿದೆವು. ಪ್ರತಿ ತಿಂಗಳು ಅಳತೆ ಹಬ್ಬ ಮಾಡುತ್ತೇವೆ; ಯಾವ ಸಸಿ ಎತ್ತರವೋ ಅದಕ್ಕೆ ಆರತಿ, ಮೊದಲ ಚೊಂಬು ನೀರು. ಪ್ರತಿ ಸಲವೂ ಕುಂದಾಪುರವೇ ಗೆದ್ದಿತು. ಪಾವಗಡದ್ದು ಮೊಣಕಾಲು ದಾಟಲಿಲ್ಲ.

ನಾಳೆ ಮೇಲ್ಬಾಗಿಲು ತೆರೆಯುತ್ತದೆ. ಅದನ್ನು ಎತ್ತುವ ಯಂತ್ರಕ್ಕೆ ಇನ್ನು ಎರಡೇ ಸಲದ ಶಕ್ತಿ ಉಳಿದಿದೆ. ನಾಳೆ ನಮ್ಮಕ್ಕ ಮುನಿರತ್ನ ಸಸಿಗಳ ಜೊತೆ ಹೊರಗೆ ಹೋಗುತ್ತಾಳೆ. ಅವಳು ಎಳೆಯುವ ಬಂಡಿಯಲ್ಲಿ ಒಂದು ಊರಿನ ಸಸಿಗೆ ಮಾತ್ರ ಜಾಗ, ನೀರು; ಗೆದ್ದ ಕುಂದಾಪುರವೇ ಹೋಗಲಿ ಅಂತ ತೀರ್ಮಾನವಾಗಿದೆ. ಅವು ಒಂದು ಬೇಸಿಗೆ ಬದುಕಿದರೆ ಅಕ್ಕ ಹಗ್ಗ ಎಳೆದು ಗಂಟೆ ಹೊಡೆಯುತ್ತಾಳೆ, ಎರಡನೇ ಸಲ ಬಾಗಿಲು ತೆರೆದು ಎಲ್ಲರೂ ಹೊರಗೆ. ಸತ್ತರೆ ಅವಳೊಬ್ಬಳು ಆಚೆ, ನಾವೆಲ್ಲ ಈಚೆ, ಕೊನೆಯವರೆಗೂ.

ಹೋದ ವಾರ ನಾನು ಎರಡರಲ್ಲೂ ಒಂದೊಂದು ಸಸಿ ಕಿತ್ತು ಬಾಗಿಲು ಕಾಯುವ ಗಂಗುಲಪ್ಪ ತಾತನ ಮುಂದೆ ಇಟ್ಟೆ.

“ತಾತ, ಉದ್ದದ್ದರ ಬೇರು ನನ್ನ ಜಡೆ ತುದಿಯಷ್ಟಿದೆ. ಕುಳ್ಳಂದು ನೋಡಿ, ಕುಂಡದ ತಳ ಮುಟ್ಟಿ ಸುತ್ತು ಹೊಡೆದಿದೆ. ಉದ್ದದವು ಬೆಳಕಿಗೆ ಕತ್ತು ಚಾಚಿ ಉದ್ದ ಆಗಿರೋದು, ಗಟ್ಟಿಯಾಗಿ ಅಲ್ಲ.”

“ಮಣ್ಣೊಳಗಿರೋದನ್ನ ಕಿತ್ತು ಗಿಡ ಅಳೀತಾರೇನೇ? ಗಿಡ ಬೆಳೆಯೋದು ಮೇಲಕ್ಕೆ. ನಾವು ಹೋಗಬೇಕಾಗಿರೋದೂ ಮೇಲಕ್ಕೇ.”

“ಕುಳ್ಳಿ, ಕುಳ್ಳನ ಪರ ವಕಾಲತ್ತು ಮಾಡ್ತೀಯಲ್ಲೇ!” ಅಂದಳು ಅಕ್ಕ. ಎಲ್ಲರೂ ನಕ್ಕರು. ಸುರಂಗ ಇನ್ನೊಂದು ಸಲ ನಕ್ಕಿತು.

ತಾತ ಮಾತ್ರ ನಗಲಿಲ್ಲ. “ತಿಮ್ಮರಾಯಣ್ಣ ಒಂದು ಮಾತು ಬರೆದಿಟ್ಟಿದ್ದಿದ್ರೆ ಕಣ್ಮುಚ್ಕೊಂಡು ಒಪ್ತಿದ್ದೆ ಕೂಸೇ. ನಿನ್ನ ಮಾತು ಕೇಳಿ ಊರನ್ನೇ ಪಣಕ್ಕಿಡ್ಲಾ?”

ಇವತ್ತು ಅಕ್ಕ ಚಪ್ಪಲಿ ಹಾಕಿ ನೋಡುತ್ತಿದ್ದಳು. ನಾವ್ಯಾರೂ ಚಪ್ಪಲಿ ಮೆಟ್ಟಿದವರಲ್ಲ. ಕಾದ ನೆಲಕ್ಕೆಂದು ಅವಳಿಗೊಬ್ಬಳಿಗೆ ಹೊಲಿದದ್ದು. ನನ್ನ ಕಿವಿಗೆ ಬಾಯಿ ಹಚ್ಚಿ ಕೇಳಿದಳು, “ಸೊಣ್ಣಿ, ನಿಜ ಹೇಳು. ಆ ಉದ್ದದವು ನಿಲ್ತಾವಾ?”

ಬಾಯಿಬಿಟ್ಟರೆ ಸುರಂಗಕ್ಕೆಲ್ಲ ಕೇಳುತ್ತದೆ. ಇಲ್ಲ ಅಂತ ತಲೆಯಾಡಿಸಿದೆ. ಅವಳು ಚಪ್ಪಲಿಯ ಪಟ್ಟಿ ಬಿಗಿದಳು.

ಅಣ್ಣ, ಈ ಕಾಗದ ಅಷ್ಟು ಹಿಂದಕ್ಕೆ ಹೇಗೆ ತಲುಪುತ್ತದೋ ನನಗೆ ಗೊತ್ತಿಲ್ಲ, ಆದರೆ ನೀವಿರುವ ಕಾಲದಲ್ಲಿ ಆ ಪೊಟ್ಟಣಗಳು ಇನ್ನೂ ನಿಮ್ಮ ಕೈಯಲ್ಲೇ ಇವೆ. ಪಾವಗಡದ್ದನ್ನು ಡಬ್ಬಿಗೆ ಹಾಕುವ ಮುಂಚೆ ಅದರ ಹಿಂದೆ ಒಂದು ಸಾಲು ಬರೆದುಬಿಡಿ: ಉದ್ದ ನೋಡಬೇಡಿ, ಬೇರು ನೋಡಿ. ನಿಮ್ಮ ಕೈಬರಹ ಇಲ್ಲಿ ಎಲ್ಲರಿಗೂ ಗೊತ್ತು. ನೀವು ಅಲ್ಲಿ ಬರೆದ ಕೂಡಲೇ ಇಲ್ಲಿ ಇನ್ನೂರು ವರ್ಷದಿಂದ ಇದ್ದಂತೆ ಇರುತ್ತದೆ.

ಈ ಕಾಗದ ಬರೆಯುತ್ತಾ ನಡುನಡುವೆ ಎದ್ದು ಹೋಗಿ ಪೊಟ್ಟಣ ತಿರುಗಿಸಿ ನೋಡುತ್ತಿದ್ದೇನೆ. ಈಗಲೂ ನೋಡಿ ಬಂದೆ. ಹಿಂಬದಿ ಖಾಲಿಯಿದೆ. ಅಕ್ಕ ಚಪ್ಪಲಿ ಬಿಚ್ಚಿಲ್ಲ.

ನಿಮ್ಮ ಸೊಣ್ಣಿ