ಸೂಜಿಯ ಸಂದರ್ಶನ

ಮಾರ್ಚ್ 4, ಬೆಳಿಗ್ಗೆ 11

ಮತ್ತೆ ಪ್ರೂಫ್. ನಮ್ಮದು ರ‍್ಯಾಪ್ ಹಾಡುವವರ ಬಗ್ಗೆಯೇ ಬರೆಯುವ ಮಾಸಪತ್ರಿಕೆ. ಬರೆಯುವವರು ಮೂವರು, ಕಾಗುಣಿತ ಬರುವವಳು ನಾನೊಬ್ಬಳೇ. ಸೂಜಿಯ ಸಂದರ್ಶನ ಮುಗಿಸಿ ಕೊಟ್ಟೆ. ಆರು ಪುಟ. ಸೂಜಿ ಅನ್ನುವುದು ವೇದಿಕೆಯ ಹೆಸರು. ಹಗಲೆಲ್ಲ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುತ್ತಾಳೆ. ಅಲ್ಲಿ ಟಾಯ್ಲೆಟ್‌ಗೆ ಬೀಗ. ಕೀ ಸೂಪರ್‌ವೈಸರ್ ಜೇಬಿನಲ್ಲಿ. ದಿನಕ್ಕೆ ಎರಡೇ ಸಲ. ಬಸುರಿಯರಿಗೂ ಅಷ್ಟೇ. ಅದರ ಮೇಲೆ ಹಾಡು ಕಟ್ಟಿದ್ದಾಳೆ. ಕೇಳಿದರೆ ಮೈ ಉರಿಯುತ್ತದೆ... ಇಷ್ಟು ವರ್ಷದಲ್ಲಿ ಇಂಥದ್ದು ಕೇಳಿಲ್ಲ. ಹಾಗಂತಲೇ ಬರೆದಿದ್ದೇನೆ.

ಮಾರ್ಚ್ 12

ಪತ್ರಿಕೆ ಬಂತು. ಮುಖಪುಟದಲ್ಲಿ ಸೂಜಿ. ಪಕ್ಕದಲ್ಲಿ ಗುಡುಗು — ಈ ಊರಿನ ರ‍್ಯಾಪ್‌ಗೆಲ್ಲ ದೊಡ್ಡಣ್ಣ. ನಡುವೆ ಕೆಂಪಕ್ಷರ: "ಗುಡುಗು ಸಪ್ಪೆ! ಚುಚ್ಚಿದಳು ಸೂಜಿ." ಆರು ಪುಟ ಒಂದೂವರೆಯಾಗಿದೆ. ಬೀಗ ಇಲ್ಲ. ಕೀ ಇಲ್ಲ. ಬಸುರಿಯರಿಲ್ಲ. ಎರಡು ಗಂಟೆಯ ಮಾತಿನಲ್ಲಿ ಅವನ ಬಗ್ಗೆ ಜಾರಿದ ಒಂದು ವಾಕ್ಯವೇ ಹೆಡ್‌ಲೈನ್.

ಸಂಪಾದಕರ ಕೋಣೆಗೆ ನುಗ್ಗಿದೆ.

"ಸರ್, ಟಾಯ್ಲೆಟ್ ವಿಷಯ ಎಲ್ಲಿ?"

"ಟಾಯ್ಲೆಟ್ ಬಗ್ಗೆ ಓದೋಕೆ ಯಾರಮ್ಮ ಪತ್ರಿಕೆ ಕೊಳ್ತಾರೆ? ಜಗಳ ಇದ್ರೆ ಓದ್ತಾರೆ. ಹಾಡೂ ಓಡುತ್ತೆ, ನಾವೂ ಓಡ್ತೀವಿ. ಆ ಹುಡುಗಿಗೂ ಒಳ್ಳೇದೇ."

ಹಲ್ಲು ಕಚ್ಚಿಕೊಂಡು ಹೊರಗೆ ಬಂದೆ. ಬಾಗಿಲನ್ನಾದರೂ ದಡಾರನೆ ಹಾಕೋಣವೆಂದರೆ, ತಾನಾಗಿ ಮೆಲ್ಲಗೆ ಮುಚ್ಚುವ ಬಾಗಿಲು ಅದು.

ಮನೆಯಲ್ಲಿ ಅಮ್ಮ ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದಳು. "ಇಷ್ಟು ಬಾಯಿಬಡುಕಿನಾ ಆ ಹುಡುಗಿ?"

ಮಾರ್ಚ್ 28

ಸೂಜಿಯ ಕಾರ್ಯಕ್ರಮ. ನಲವತ್ತು ಜನ ಸೇರಿದರೆ ಹೆಚ್ಚು ಅನ್ನುತ್ತಿದ್ದ ಹಾಲ್‌ನಲ್ಲಿ ಕಾಲಿಡಲು ಜಾಗವಿಲ್ಲ. ನಮ್ಮ ಪತ್ರಿಕೆಯ ಪ್ರತಾಪ. ಬೀಗದ ಹಾಡು ಶುರು ಮಾಡಿದಳು. ಎರಡನೇ ಸಾಲಿಗೇ ಗಲಾಟೆ — ಅದು ಬೇಡ, ಗುಡುಗಿಗೆ ಬೈ. ಆಮೇಲೆ ಇಡೀ ಹಾಲ್: ಬೈ, ಬೈ, ಬೈ. ಬೀಗದ ಹಾಡು ನಿಲ್ಲಿಸಿದಳು. ಬೈದಳು. ಅವನ ಬಣ್ಣ, ಹೊಟ್ಟೆ, ಹೆತ್ತ ತಾಯಿ. ಪ್ರಾಸ ಮಾತ್ರ ಅಚ್ಚುಕಟ್ಟು. ಅದಕ್ಕೇ ಇನ್ನೂ ಸಿಟ್ಟು.

ವೇದಿಕೆಯ ಹಿಂದೆ ಸಿಕ್ಕಳು.

"ಯಾಕಮ್ಮ ಹಾಗೆ ಹಾಡಿದೆ?"

"ನೀವು ಬರೆದ್ರಿ, ಅವರು ಓದಿದ್ರು, ನಾನು ಹಾಡಿದೆ. ಈಗ ಬಂದು ಯಾಕೆ ಅಂತೀರಲ್ಲ ಅಕ್ಕ."

"ಹೆಡ್‌ಲೈನ್ ನಂದಲ್ಲ."

"ಹೆಸರು ನಿಮ್ದೇ ಇತ್ತಲ್ಲ. ನನ್ನ ಹೊಲಿಗೆ ಲೈನಿನ ಹೆಂಗಸ್ರು ಪತ್ರಿಕೆ ಹಿಡ್ಕೊಂಡು ಬಂದು, ನಮ್ಮ ವಿಷಯ ಎಲ್ಲೇ ಅಂತ ಕೇಳಿದ್ರು. ಏನ್ ಹೇಳ್ಲಿ?"

ಮಾರ್ಚ್ 29

ಸಂಪಾದಕರ ಮುಖಕ್ಕೆ ಹಿಡಿಯಲು ಪುರಾವೆ ಬೇಕಿತ್ತು. ಸಂದರ್ಶನದ ರೆಕಾರ್ಡಿಂಗ್ ಹಾಕಿದೆ. ಹಾಕಬಾರದಿತ್ತು.

ಗುಡುಗು ಬಗ್ಗೆ ಕೇಳಿದವಳು ನಾನು. "ಅವರು ದೊಡ್ಡೋರು ಬಿಡಿ," ಎಂದಳು. ಮತ್ತೆ ಕೇಳಿದೆ. "ಅವರ ಹಾಡು ಕೇಳ್ಕೊಂಡೇ ಕಲ್ತಿದ್ದು." ಮತ್ತೆ. ನಾಲ್ಕನೇ ಸಲ, ಸಾಕಾಗಿ — "ಈಚೆಗೆ ಒಂಚೂರು ಸಪ್ಪೆ ಆಗಿದ್ದಾರೇನೋ." ಅದರ ಬೆನ್ನಿಗೇ ನನ್ನ ನಗು. ಬಲೆಗೆ ಬಿತ್ತು ಅನ್ನುವಂಥ ನಗು.

ಹದಿನೇಳು ದಿನ ಸಂಪಾದಕರಿಗೆ ಶಾಪ ಹಾಕಿದ್ದೇನೆ. ಕತ್ತರಿ ಅವರದು, ಸರಿ. ಎಲ್ಲಿ ಕತ್ತರಿಸಬೇಕೆಂದು ಗೆರೆ ಎಳೆದು ಕೊಟ್ಟವಳು ನಾನು.

ಏಪ್ರಿಲ್ 6, ಮಧ್ಯಾಹ್ನ

ರಾಜೀನಾಮೆ ಕೊಟ್ಟು ಮೂರು ದಿನ. ಆರೂ ಪುಟ ನನ್ನ ಬ್ಲಾಗಿಗೆ ಹಾಕುವುದೆಂದು ತೀರ್ಮಾನ. ಮೇಲೆ ನನ್ನ ತಪ್ಪೊಪ್ಪಿಗೆ, ಒಂದು ಪುಟ — ಚೆನ್ನಾಗಿಯೇ ಬಂದಿತ್ತು. ಊಟದ ಬಿಡುವಿನಲ್ಲಿ ಗಾರ್ಮೆಂಟ್ಸ್ ಗೇಟಿಗೆ ಹೋಗಿ ಸೂಜಿಗೆ ತೋರಿಸಿದೆ. ತೋಳಿಗೆಲ್ಲ ನೂಲಿನ ಎಳೆ ಅಂಟಿಸಿಕೊಂಡು ನಿಂತೇ ಓದಿದಳು.

"ಬೀಗದ ವಿಷಯ ಮೊದ್ಲು ಹಾಕಿ, ಅಕ್ಕ. ನೀವು ಅತ್ತಿದ್ದು ಕೊನೆಗೆ. ಉದ್ದ ಆಯ್ತು ಅನ್ಸಿದ್ರೆ ಅದನ್ನ ಕತ್ತರಿಸಿ."

ಬೆಲ್ ಹೊಡೆಯಿತು. ಒಳಗೆ ಹೋದಳು. ಕೆನ್ನೆಗೆ ಬಾರಿಸಿದ ಹಾಗಾಯಿತು. ಹೇಳಿದ್ದು ಸರಿ. ಸರಿಯಾದ್ದಕ್ಕೂ ಸಿಟ್ಟು ಬಂತು... ನನ್ನ ಪುಟದಲ್ಲಿ ನಾಲ್ಕು ಸಾಲು ಉಳಿಸಿದೆ.

ಏಪ್ರಿಲ್ 19

ನಾನು ಬ್ಲಾಗಿಗೆ ಹಾಕಿದ್ದನ್ನು ಗುಡುಗು ಹಂಚಿಕೊಂಡಿದ್ದಾನೆ. ಮೇಲೆ ಒಂದೇ ಸಾಲು: "ನಾನು ಸಪ್ಪೆ ಆಗಿರೋದು ನಿಜ. ಈ ಹುಡುಗಿಯ ಬೀಗದ ಹಾಡು ಕೇಳಿ." ಅಲ್ಲಿಂದ ಎಲ್ಲರ ಫೋನಿನಲ್ಲೂ ಅದೇ. ಹೆದರಿಕೊಂಡ ಮ್ಯಾನೇಜರ್ ಎರಡನೇ ಮಹಡಿಯ ಟಾಯ್ಲೆಟ್ ಬೀಗ ತೆಗೆಸಿದನಂತೆ. ಸೂಜಿಯ ಮೆಸೇಜ್: "ನಮ್ಮ ಮಹಡೀದು ತೆಗೆದ್ರು. ಮೂರನೇದು ಹಾಗೇ ಇದೆ. ನನ್ನನ್ನ ಇವತ್ತು ಮೂರನೇದಕ್ಕೆ ಹಾಕಿದ್ರು."

ಏಪ್ರಿಲ್ 21, ಬೆಳಿಗ್ಗೆ 9

ಸಂಪಾದಕರ ಫೋನ್. ದನಿಯಲ್ಲಿ ಬೆಣ್ಣೆ.

"ಹಳೇದೆಲ್ಲ ಬಿಡಮ್ಮ. ನಿನ್ನ ಆರು ಪುಟಾನೂ ಹಾಕೋಣ, ಒಂದಕ್ಷರ ಮುಟ್ಟಲ್ಲ. ಹೆಡ್‌ಲೈನ್ ಮಾತ್ರ ನಂದು — ಗುಡುಗು, ಸೂಜಿ ರಾಜಿ. ಇಬ್ರೂ ತಬ್ಕೊಂಡಿರೋ ಫೋಟೋ ಒಂದು ಕೊಡ್ಸು."

ಮೂರನೇ ಮಹಡಿಯ ಬೀಗದ ಫೋಟೋ ಕೊಡುತ್ತೇನೆ ಅಂದೆ.

ನಕ್ಕರು. ಆ ನಗು ಮುಗಿಯುವವರೆಗೆ ಕಾದೆ. ಆಮೇಲೆ ನಾನು ಫೋನ್ ಇಟ್ಟು, ಮೂರನೇ ಮಹಡಿಯ ಬೀಗದ ಬಗ್ಗೆ ಬ್ಲಾಗಿಗೆ ಬರೆಯಲು ಕೂತೆ.